ಟೆರೇಸ್ ಮೇಲಿನ ಕೂಲಿಂಗ್ ಟವರ್ ದಿನಕ್ಕೆ ಎಷ್ಟು ಟ್ಯಾಂಕರ್ ನೀರು ಕುಡಿಯುತ್ತೆ?

ದೊಡ್ಡ ಆಸ್ಪತ್ರೆ, ಮಾಲ್ ಅಥವಾ ಟೆಕ್ ಪಾರ್ಕ್‌ನ ಟೆರೇಸ್ ಮೇಲೆ ಫೈಬರ್‌ನ ದೊಡ್ಡ ದೊಡ್ಡ ಡಬ್ಬಗಳು ಸಾಲಾಗಿ ನಿಂತಿರೋದನ್ನ ನೀವು ನೋಡಿರ್ತೀರ. ತಲೆ ಮೇಲೆ ಒಂದು ಫ್ಯಾನ್, ಒಳಗಡೆ ಜೋರು ಮಳೆ ಸುರಿದ ಹಾಗೆ ಸದ್ದು. ಅದೇ ಕೂಲಿಂಗ್ ಟವರ್. ರಾಯಚೂರು ಹತ್ತಿರ ಶಕ್ತಿನಗರದ ಥರ್ಮಲ್ ಸ್ಟೇಷನ್‌ನಲ್ಲಿ ನಡು ಸಣ್ಣಗಾಗಿರುವ ಕಾಂಕ್ರೀಟ್ ಗೋಪುರಗಳಿವೆಯಲ್ಲ, ಅವೂ ಇದೇ ಜಾತಿ. ಅವುಗಳ ಬಾಯಿಂದ ಏಳುವ ಬಿಳಿ ಮೋಡವನ್ನು ತುಂಬಾ ಜನ ಹೊಗೆ ಅಂದ್ಕೋತಾರೆ. ಹೊಗೆ ಹೋಗೋದು ಪಕ್ಕದ ಉದ್ದನೆಯ ಚಿಮಣಿಯಿಂದ. ಇದು ಬರೀ ನೀರು, ಆವಿ ತಣ್ಣಗಾಗಿ ಕಟ್ಟಿದ ಮಂಜು.

ನಮ್ಮ ಥರ್ಮೊಡೈನಮಿಕ್ಸ್ ನೋಟ್ಸ್‌ನಲ್ಲಿ ಕೂಲಿಂಗ್ ಟವರ್ ಅಂದ್ರೆ ಕಂಡೆನ್ಸರ್ ಪಕ್ಕ ಬರೆಯುವ ಒಂದು ಚಿಕ್ಕ ಬಾಕ್ಸ್, ಅಷ್ಟೇ. ಆದರೆ ನೀರಿಗೆ ಪರದಾಡುವ ಊರುಗಳಲ್ಲಿ ಆ ಬಾಕ್ಸ್ ಒಳಗೆ ಏನಾಗುತ್ತೆ ಅಂತ ತಿಳ್ಕೊಳ್ಳೋದು ಮುಖ್ಯ. ಯಾಕಂದ್ರೆ ಈ ಯಂತ್ರ ನೀರನ್ನು ಕಳೆದುಕೊಂಡೇ ಕೆಲಸ ಮಾಡುತ್ತೆ. ಅದರಲ್ಲಿ ಒಂದು ಪಾಲು ಕಳ್ಕೊಳ್ಳಲೇಬೇಕು. ಇನ್ನೊಂದು ಪಾಲು ಎಷ್ಟು ಅನ್ನೋದು ಅದನ್ನ ನಡೆಸುವವರ ಕೈಯಲ್ಲಿದೆ.

ಮಡಕೆಯ ಲೆಕ್ಕ

ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ಯಾಕೆ ತಣ್ಣಗಿರುತ್ತೆ? ಮಡಕೆಯ ಸಣ್ಣ ರಂಧ್ರಗಳಿಂದ ಸ್ವಲ್ಪ ನೀರು ಹೊರಗೆ ಜಿನುಗಿ ಆವಿಯಾಗುತ್ತೆ. ಆವಿಯಾಗೋಕೆ ಬೇಕಾದ ಶಾಖವನ್ನು ಉಳಿದ ನೀರಿನಿಂದಲೇ ಎಳ್ಕೊಳ್ಳುತ್ತೆ. ಕೂಲಿಂಗ್ ಟವರ್ ಮಾಡೋದೂ ಇದನ್ನೇ, ಬಹಳ ಬೇಗ ಮತ್ತು ಬಹಳ ದೊಡ್ಡ ಪ್ರಮಾಣದಲ್ಲಿ.

ಒಂದು ಕೆಜಿ ನೀರು ಆವಿಯಾದರೆ ಸುಮಾರು 2,430 ಕಿಲೋಜೂಲ್ ಶಾಖ ತಗೊಂಡು ಹೋಗುತ್ತೆ. ಒಂದು ಕೆಜಿ ನೀರನ್ನು ಒಂದು ಡಿಗ್ರಿ ಇಳಿಸಲು ತೆಗೆಯಬೇಕಾದ್ದು ಬರೀ 4.2 ಕಿಲೋಜೂಲ್. ಅಂದರೆ 100 ಕೆಜಿ ನೀರಿನಲ್ಲಿ ಒಂದೇ ಕೆಜಿ ಆವಿಯಾದರೂ ಉಳಿದದ್ದು ಹತ್ತಿರ ಹತ್ತಿರ 6 ಡಿಗ್ರಿ ತಣ್ಣಗಾಗುತ್ತೆ.

ಬಿಸಿ ನೀರು ಮೇಲಿಂದ ನಾಝಲ್‌ಗಳ ಮೂಲಕ ಚಿಮ್ಮುತ್ತೆ. ಕೆಳಗೆ ಜೇನುಗೂಡಿನಂಥ ಪಿವಿಸಿ ಹಾಳೆಗಳ ಕಟ್ಟು ಇರುತ್ತೆ, ಅದಕ್ಕೆ ಫಿಲ್ ಅಂತಾರೆ. ನೀರು ಅದರ ಮೇಲೆ ತೆಳುವಾಗಿ ಹರಡಿಕೊಂಡು ಇಳಿಯುವಾಗ ಫ್ಯಾನ್ ಕೆಳಗಿನಿಂದ ಗಾಳಿ ಎಳೆಯುತ್ತೆ. ಗಾಳಿಯ ಜೊತೆ ಹನಿಗಳೂ ಹಾರಿ ಹೋಗದ ಹಾಗೆ ಮೇಲೆ ಡ್ರಿಫ್ಟ್ ಎಲಿಮಿನೇಟರ್ ಅನ್ನೋ ಅಂಕುಡೊಂಕಿನ ಪಟ್ಟಿಗಳಿರುತ್ತವೆ. ತಣ್ಣಗಾದ ನೀರು ತಳದ ಬೇಸಿನ್‌ಗೆ ಬಿದ್ದು, ಪಂಪ್ ಮೂಲಕ ಮತ್ತೆ ಚಿಲ್ಲರ್‌ನ ಕಂಡೆನ್ಸರ್‌ಗೆ ಹೋಗುತ್ತೆ.

ಶಕ್ತಿನಗರದಂಥ ಕಡೆ ಫ್ಯಾನ್ ಬೇಕಾಗಲ್ಲ. ಬಿಸಿಯಾದ ಒದ್ದೆ ಗಾಳಿ ಹಗುರ, ಅದು ತಾನಾಗಿ ಮೇಲೇರುತ್ತೆ, ಕೆಳಗಿಂದ ಹೊಸ ಗಾಳಿ ನುಗ್ಗುತ್ತೆ. ನಡು ಸಣ್ಣಗಾದ ಆ ಆಕಾರವನ್ನು 1918ರ ಹೊತ್ತಿಗೆ ನೆದರ್ಲೆಂಡ್ಸ್‌ನಲ್ಲಿ ಫ್ರೆಡೆರಿಕ್ ವಾನ್ ಇಟರ್ಸನ್ ಮತ್ತು ಗೆರಾರ್ಡ್ ಕೈಪರ್ಸ್ ಎಂಬ ಎಂಜಿನಿಯರ್‌ಗಳು ರೂಪಿಸಿದರು. ತೆಳುವಾದ ಗೋಡೆ ಇದ್ದರೂ ಗಟ್ಟಿಯಾಗಿ ನಿಲ್ಲೋದು ಅದರ ಗುಣ.

ಮಂಗಳೂರಿಗಿಂತ ರಾಯಚೂರೇ ವಾಸಿ!

ಟವರ್ ನೀರನ್ನು ಎಷ್ಟು ತಣ್ಣಗೆ ಮಾಡಬಹುದು ಅನ್ನೋದನ್ನ ತೀರ್ಮಾನಿಸೋದು ಮಾಮೂಲಿ ಥರ್ಮಾಮೀಟರ್ ತೋರಿಸುವ ಉಷ್ಣಾಂಶ ಅಲ್ಲ, ವೆಟ್ ಬಲ್ಬ್ ಉಷ್ಣಾಂಶ. ಥರ್ಮಾಮೀಟರ್ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದರೆ ಬರುವ ಅಳತೆ ಅದು. ಗಾಳಿ ಒಣಗಿದ್ದಷ್ಟೂ ಅದು ಕೆಳಗಿಳಿಯುತ್ತೆ.

ರಾಯಚೂರಿನಲ್ಲಿ ಒಂದು ಬೇಸಿಗೆ ಮಧ್ಯಾಹ್ನ 41 ಡಿಗ್ರಿ, ತೇವಾಂಶ ಶೇ. 20 ಅಂತ ಇಟ್ಕೊಳ್ಳಿ. ವೆಟ್ ಬಲ್ಬ್ ಸುಮಾರು 23 ಬರುತ್ತೆ. ಮಂಗಳೂರಿನಲ್ಲಿ 33 ಡಿಗ್ರಿ, ತೇವಾಂಶ ಶೇ. 70 ಇದ್ದರೆ ವೆಟ್ ಬಲ್ಬ್ 28ರ ಮೇಲೆ. ಬಿಸಿಲಲ್ಲಿ ನಿಂತ ಮನುಷ್ಯನಿಗೆ ಯಾವ ಊರು ಹಿತ ಅನ್ನೋದು ಬೇರೆ ಮಾತು, ಕೂಲಿಂಗ್ ಟವರ್‌ಗೆ ಮಾತ್ರ ರಾಯಚೂರೇ ಸುಲಭ. ಯಾವ ಟವರೂ ವೆಟ್ ಬಲ್ಬ್‌ಗಿಂತ ಕೆಳಗೆ ಹೋಗಲ್ಲ, ಸಾಮಾನ್ಯವಾಗಿ 3–4 ಡಿಗ್ರಿ ಮೇಲೇ ನಿಲ್ಲುತ್ತೆ. ಈ ಅಂತರಕ್ಕೆ ಅಪ್ರೋಚ್ ಅಂತಾರೆ. ಒಳಗೆ ಬರುವ ಬಿಸಿ ನೀರಿಗೂ ಹೊರಗೆ ಹೋಗುವ ತಣ್ಣೀರಿಗೂ ಇರುವ ಅಂತರ ರೇಂಜ್. ಟವರ್ ಚೆನ್ನಾಗಿದೆಯಾ ಇಲ್ವಾ ಅಂತ ಹೇಳೋದು ಅಪ್ರೋಚ್. ರೇಂಜ್ ಬರೀ ಕಟ್ಟಡದಿಂದ ಎಷ್ಟು ಶಾಖ ಬರ್ತಿದೆ ಅಂತ ಹೇಳುತ್ತೆ. ವೈವಾದಲ್ಲಿ ಈ ಪ್ರಶ್ನೆ ಬಂದರೆ ನೆನಪಿರಲಿ!

ಕೂರಿಸುವಾಗ

ಟವರ್ ಕೂರಿಸೋಕೆ ಮುಂಚೆ ನೋಡಬೇಕಾದ್ದು ಗಾಳಿ. ಸುತ್ತ ಗೋಡೆ ಕಟ್ಟಿ ಚೆಂದ ಮಾಡೋಕೆ ಹೋದರೆ, ಮೇಲಿಂದ ಹೊರಟ ಬಿಸಿ ಒದ್ದೆ ಗಾಳಿ ಮತ್ತೆ ಕೆಳಗಿಂದ ಒಳಗೆ ಬರುತ್ತೆ. ಆಗ ಟವರ್‌ಗೆ ಸಿಗೋದು ಊರಿನ ಗಾಳಿ ಅಲ್ಲ, ತನ್ನದೇ ಉಸಿರು. ಕ್ಯಾಂಟೀನ್ ಅಡುಗೆಮನೆಯ ಎಕ್ಸಾಸ್ಟ್ ಪಕ್ಕ ಇಟ್ಟರೆ ಜಿಡ್ಡು ಫಿಲ್‌ಗೆ ಅಂಟುತ್ತೆ. ಕಟ್ಟಡಕ್ಕೆ ಹೊಸ ಗಾಳಿ ಎಳೆದುಕೊಳ್ಳುವ ಕಿಂಡಿಯ ಹತ್ತಿರ ಅಂತೂ ಇಡಲೇಬಾರದು, ಯಾಕೆ ಅಂತ ಮುಂದೆ ಹೇಳ್ತೀನಿ.

ಎರಡನೆಯದು ತೂಕ. ಸ್ಲ್ಯಾಬ್ ಲೆಕ್ಕ ಹಾಕುವಾಗ ಖಾಲಿ ಟವರ್‌ನ ತೂಕ ಅಲ್ಲ, ನೀರು ತುಂಬಿ ಓಡುವಾಗಿನ ತೂಕ ತಗೋಬೇಕು. ಬೇಸಿನ್ ಮಟ್ಟ ಸರಿ ಇಲ್ಲದಿದ್ದರೆ ನೀರು ಒಂದೇ ಕಡೆ ಹಂಚಿಕೆಯಾಗಿ ಅರ್ಧ ಫಿಲ್ ಒಣಗಿರುತ್ತೆ. ಎರಡು ಟವರ್ ಅಕ್ಕಪಕ್ಕ ಇದ್ದರೆ ಎರಡರ ಬೇಸಿನ್‌ಗೂ ಸೇರಿಸುವ ಒಂದು ಪೈಪ್ ಬೇಕು. ಇಲ್ಲಾಂದ್ರೆ ಒಂದು ತುಂಬಿ ಚೆಲ್ಲುತ್ತೆ, ಇನ್ನೊಂದರಲ್ಲಿ ಪಂಪ್ ಗಾಳಿ ಎಳೆಯುತ್ತೆ. ಪಂಪ್ ಯಾವಾಗಲೂ ಬೇಸಿನ್‌ನ ನೀರಿನ ಮಟ್ಟಕ್ಕಿಂತ ಕೆಳಗೆ ಇರಲಿ. ಕೊನೆಗೆ ಫ್ಯಾನ್ ಸರಿಯಾದ ದಿಕ್ಕಿಗೆ ತಿರುಗ್ತಿದೆಯಾ ಅಂತ ನೋಡಬೇಕು. ತ್ರೀ ಫೇಸ್ ಮೋಟಾರ್‌ನಲ್ಲಿ ಎರಡು ವೈರ್ ಅದಲು ಬದಲಾದರೆ ಅದು ಉಲ್ಟಾ ತಿರುಗುತ್ತೆ, ಕೂಲಿಂಗ್ ಮಾತ್ರ ಆಗಲ್ಲ.

ಸುತ್ತ ಏನಿದೆ ಅಂತ ನೋಡದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಇಂಗ್ಲೆಂಡ್‌ನ ಫೆರಿಬ್ರಿಡ್ಜ್ ಸಾಕ್ಷಿ. 1965ರ ನವೆಂಬರ್ 1ರಂದು ಅಲ್ಲಿನ ಎಂಟು ದೊಡ್ಡ ಟವರ್‌ಗಳಲ್ಲಿ ಮೂರು ಬಿರುಗಾಳಿಗೆ ಕುಸಿದವು. ಬಿದ್ದದ್ದು ಗಾಳಿಗೆ ಎದುರಾಗಿದ್ದ ಸಾಲು ಅಲ್ಲ, ಹಿಂದಿನ ಸಾಲು. ಮುಂದಿನವುಗಳ ಸಂದಿಯಲ್ಲಿ ನುಗ್ಗಿದ ಗಾಳಿಯ ಹೊಡೆತ ಹಿಂದಿನವುಗಳ ಮೇಲೆ ಬಿತ್ತು. ಒಂಟಿ ಟವರ್‌ಗೆ ಹಾಕಿದ ಲೆಕ್ಕ ಗುಂಪಿಗೆ ಸಾಲಲಿಲ್ಲ.

ಸಾರು ಕುದ್ದು ಉಪ್ಪಾದ ಹಾಗೆ

ಈಗ ನೀರಿನ ಲೆಕ್ಕಕ್ಕೆ ಬರೋಣ. 500 ಟನ್‌ನ ಒಂದು ಚಿಲ್ಲರ್ ತಗೊಳ್ಳಿ. ಒಂದು ಟನ್ ಅಂದ್ರೆ ಸುಮಾರು 3.5 ಕಿಲೋವ್ಯಾಟ್, ಹಾಗಾಗಿ ಕಟ್ಟಡದ ಶಾಖ 1,750 ಕಿಲೋವ್ಯಾಟ್. ಕಂಪ್ರೆಸರ್‌ನ ಶಾಖವೂ ಸೇರಿದರೆ 2,100ರ ಆಸುಪಾಸು. ಇದನ್ನು 2,430ರಿಂದ ಭಾಗಿಸಿದರೆ, ಪೂರ್ತಿ ಲೋಡ್‌ನಲ್ಲಿ ಗಂಟೆಗೆ ಸುಮಾರು 3,000 ಲೀಟರ್ ಆವಿ. ದಿನಕ್ಕೆ ಹತ್ತು ಗಂಟೆ ಓಡಿದರೆ 30,000 ಲೀಟರ್. ಅಂದರೆ 6,000 ಲೀಟರ್‌ನ ಐದು ಟ್ಯಾಂಕರ್. ಇದು ತಪ್ಪಿಸಲಾಗದ ಖರ್ಚು.

ಇದರ ಮೇಲೆ ಇನ್ನೊಂದು ಖರ್ಚಿದೆ. ಸಾರು ಒಲೆ ಮೇಲೆ ಕುದೀತಾ ಇದ್ದರೆ ನೀರು ಹೋಗಿ ಉಪ್ಪು ಉಳಿಯುತ್ತೆ ಅಲ್ವಾ? ಟವರ್‌ನಲ್ಲೂ ಅಷ್ಟೇ. ಆವಿಯಾಗೋದು ಶುದ್ಧ ನೀರು. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಸಿಲಿಕಾ ಎಲ್ಲ ಉಳಿದ ನೀರಲ್ಲೇ ಸೇರ್ಕೊಳ್ಳುತ್ತೆ. ಬಿಟ್ಟರೆ ಗೀಸರ್ ಕಾಯಿಲ್ ಮೇಲೆ ಕಟ್ಟುವಂಥ ಬಿಳಿ ಗಾರೆ ಕಂಡೆನ್ಸರ್ ಟ್ಯೂಬ್ ಒಳಗೆ ಕಟ್ಟುತ್ತೆ. ಶಾಖ ದಾಟೋಕೆ ಆಗಲ್ಲ, ಕರೆಂಟ್ ಬಿಲ್ ಏರುತ್ತೆ. ಅದಕ್ಕೇ ಉಪ್ಪಾದ ನೀರನ್ನು ಆಗಾಗ ಹೊರಗೆ ಬಿಟ್ಟು ಹೊಸ ನೀರು ಸೇರಿಸಬೇಕು. ಹೊರಗೆ ಬಿಡೋದು ಬ್ಲೋಡೌನ್, ಸೇರಿಸೋದು ಮೇಕಪ್.

ಟವರ್‌ನ ನೀರು ಮೇಕಪ್ ನೀರಿಗಿಂತ ಎಷ್ಟು ಪಟ್ಟು ಉಪ್ಪಾಗಿದೆ ಅನ್ನೋ ಸಂಖ್ಯೆಗೆ ಸೈಕಲ್ಸ್ ಆಫ್ ಕಾನ್ಸಂಟ್ರೇಷನ್, ಚಿಕ್ಕದಾಗಿ ಸಿಓಸಿ ಅಂತಾರೆ. ಸೂತ್ರ ಸುಲಭ: ಆವಿಯಾದ ನೀರನ್ನು ಸಿಓಸಿಯಲ್ಲಿ ಒಂದು ಕಳೆದು ಬಂದ ಸಂಖ್ಯೆಯಿಂದ ಭಾಗಿಸಿದರೆ ಬ್ಲೋಡೌನ್. ನಮ್ಮ 3,000 ಲೀಟರ್ ಉದಾಹರಣೆಯಲ್ಲೇ ನೋಡಿ:

- ಸಿಓಸಿ 2 ಇದ್ದರೆ ಗಂಟೆಗೆ 3,000 ಲೀಟರ್ ಚರಂಡಿಗೆ
- ಸಿಓಸಿ 3 ಇದ್ದರೆ 1,500 ಲೀಟರ್
- ಸಿಓಸಿ 5 ಇದ್ದರೆ 750 ಲೀಟರ್
- ಸಿಓಸಿ 10 ಇದ್ದರೆ ಸುಮಾರು 330 ಲೀಟರ್

ಎರಡರಿಂದ ಐದಕ್ಕೆ ಹೋದರೆ ಗಂಟೆಗೆ 2,250 ಲೀಟರ್ ಉಳಿತಾಯ. ಹತ್ತು ಗಂಟೆಗೆ 22,500 ಲೀಟರ್, ಹೆಚ್ಚೂ ಕಡಿಮೆ ನಾಲ್ಕು ಟ್ಯಾಂಕರ್! ಐದರಿಂದ ಹತ್ತಕ್ಕೆ ಹೋದರೆ ಸಿಗೋದು ಸ್ವಲ್ಪವೇ, ಗಾರೆ ಕಟ್ಟುವ ಅಪಾಯ ಮಾತ್ರ ಜಾಸ್ತಿ. ಎಲ್ಲಿ ನಿಲ್ಲಬೇಕು ಅನ್ನೋದು ಆ ನೀರಿನ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತೆ.

ಇಷ್ಟೆಲ್ಲ ನಿರ್ಧರಿಸೋದು ಒಂದು ಚಿಕ್ಕ ವಾಲ್ವ್. ನಾನು ನೋಡಿದ ಒಂದು ಕಟ್ಟಡದಲ್ಲಿ ಆ ವಾಲ್ವ್ ಅರ್ಧ ತೆರೆದು, ಯಾರೂ ಮುಟ್ಟದಿರಲಿ ಅಂತ ಬೈಂಡಿಂಗ್ ವೈರ್ ಸುತ್ತಿದ್ದರು. ಗಾರೆ ಕಟ್ಟಬಾರದು ಅನ್ನೋ ಭಯಕ್ಕೆ ನೀರು ಹಗಲೂ ರಾತ್ರಿ ಹರೀತಾ ಇತ್ತು. ಅದರ ಜಾಗದಲ್ಲಿ ಕಂಡಕ್ಟಿವಿಟಿ ಸೆನ್ಸರ್ ಮತ್ತು ಸೊಲೆನಾಯ್ಡ್ ವಾಲ್ವ್ ಹಾಕಿದರೆ, ಉಪ್ಪು ಮಿತಿ ದಾಟಿದಾಗ ಮಾತ್ರ ತೆರೆದು ತಾನೇ ಮುಚ್ಚಿಕೊಳ್ಳುತ್ತೆ. ಮೇಕಪ್ ಲೈನ್‌ಗೂ ಬ್ಲೋಡೌನ್ ಲೈನ್‌ಗೂ ಒಂದೊಂದು ನೀರಿನ ಮೀಟರ್ ಇದ್ದರೆ ಇನ್ನೂ ಒಳ್ಳೇದು.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕಾರು ತೊಳೆಯೋಕೆ, ಗಾರ್ಡನ್‌ಗೆ, ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ಬಕೆಟ್‌ನಲ್ಲಿ ಕಾರು ತೊಳೆಯುವವರು ಎಲ್ಲರ ಕಣ್ಣಿಗೆ ಕಾಣ್ತಾರೆ. ಟೆರೇಸ್ ಮೇಲಿನ ವಾಲ್ವ್ ಯಾರ ಕಣ್ಣಿಗೂ ಬೀಳಲ್ಲ. ಎಸ್‌ಟಿಪಿಯಲ್ಲಿ ಶುದ್ಧ ಮಾಡಿದ ನೀರನ್ನು ಟವರ್‌ಗೆ ಬಳಸೋದು ಒಳ್ಳೆ ದಾರಿ, ಆದರೆ ಅದರಲ್ಲಿ ಉಳಿಯುವ ಅಮೋನಿಯ ತಾಮ್ರದ ಟ್ಯೂಬ್ ತಿನ್ನುತ್ತೆ, ಫಾಸ್ಫೇಟ್ ಗಾರೆ ಕಟ್ಟುತ್ತೆ. ಹಾಗಾಗಿ ಫಿಲ್ಟರ್ ಮತ್ತು ಕೆಮಿಕಲ್ ಡೋಸಿಂಗ್ ಸರಿ ಇರಬೇಕು.

ನಿರ್ವಹಣೆ ಅಂದ್ರೆ ಆರೋಗ್ಯವೂ ಹೌದು

1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರು ನ್ಯುಮೋನಿಯಾದಂಥ ಕಾಯಿಲೆಯಿಂದ ಒಬ್ಬೊಬ್ಬರಾಗಿ ಸಾಯತೊಡಗಿದರು. ಮುಂದಿನ ವರ್ಷ ಪತ್ತೆಯಾದ ಆ ಬ್ಯಾಕ್ಟೀರಿಯಾಕ್ಕೆ ಲೀಜಿಯೊನೆಲ್ಲಾ ಅಂತ ಹೆಸರಾಯ್ತು. ಅದು 20ರಿಂದ 45 ಡಿಗ್ರಿ ನೀರಿನಲ್ಲಿ, ಲೋಳೆ ಮತ್ತು ಕೆಸರಿನ ಮಧ್ಯೆ ಚೆನ್ನಾಗಿ ಬೆಳೆಯುತ್ತೆ. ಕೂಲಿಂಗ್ ಟವರ್‌ನ ನೀರು ಸರಿಯಾಗಿ ಅದೇ ಬಿಸಿಯಲ್ಲಿರುತ್ತೆ. ಹನಿಗಳು ಗಾಳಿಯಲ್ಲಿ ಹಾರಿ ಉಸಿರಾಟದ ಜೊತೆ ಒಳಗೆ ಹೋದರೆ ಸೋಂಕು. 2015ರಲ್ಲಿ ನ್ಯೂಯಾರ್ಕ್‌ನ ಸೌತ್ ಬ್ರಾಂಕ್ಸ್‌ನಲ್ಲಿ ಒಂದು ಹೋಟೆಲ್‌ನ ಕೂಲಿಂಗ್ ಟವರ್‌ನಿಂದ ಹರಡಿದ ಸೋಂಕು 138 ಜನರಿಗೆ ತಗುಲಿ 16 ಜನ ತೀರಿಕೊಂಡರು. ಆಮೇಲೆ ಆ ನಗರದಲ್ಲಿ ಪ್ರತಿ ಟವರ್‌ನ ನೋಂದಣಿ ಕಡ್ಡಾಯ ಆಯ್ತು. ಹೊಸ ಗಾಳಿಯ ಕಿಂಡಿ ಪಕ್ಕ ಟವರ್ ಬೇಡ ಅಂದಿದ್ದು ಇದಕ್ಕೇ.

ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ, ಆದರೆ ತಪ್ಪದೆ ಮಾಡಬೇಕು.

- ಪ್ರತಿದಿನ: ನೀರಿನ ಮಟ್ಟ, ಒಳ-ಹೊರ ಉಷ್ಣಾಂಶ, ಕಂಡಕ್ಟಿವಿಟಿ, ಕ್ಲೋರಿನ್ ಅಥವಾ ಬ್ರೋಮಿನ್ ಪ್ರಮಾಣ ಬರೆದಿಡಿ. ಫ್ಲೋಟ್ ವಾಲ್ವ್ ಸಿಕ್ಕಿಹಾಕಿಕೊಂಡು ಓವರ್‌ಫ್ಲೋ ಪೈಪಿನಲ್ಲಿ ನೀರು ಹೋಗ್ತಿದೆಯಾ ನೋಡಿ.
- ಪ್ರತಿವಾರ: ಸ್ಟ್ರೈನರ್ ತೊಳೆಯಿರಿ, ನಾಝಲ್ ಕಟ್ಟಿದೆಯಾ, ಫ್ಯಾನ್ ಬೆಲ್ಟ್ ಸಡಿಲ ಆಗಿದೆಯಾ ನೋಡಿ.
- ಪ್ರತಿ ತಿಂಗಳು: ಗೇರ್‌ಬಾಕ್ಸ್ ಆಯಿಲ್, ಬೇರಿಂಗ್ ಗ್ರೀಸ್, ಫ್ಯಾನ್ ನಡುಕ, ಡ್ರಿಫ್ಟ್ ಎಲಿಮಿನೇಟರ್ ಮುರಿದಿದೆಯಾ ಅನ್ನೋದು.
- ವರ್ಷಕ್ಕೆ ಎರಡು ಸಲ: ಪೂರ್ತಿ ಖಾಲಿ ಮಾಡಿ ಬೇಸಿನ್‌ನ ಕೆಸರು ತೆಗೆದು, ಸೋಂಕು ನಿವಾರಕ ಹಾಕಿ ತೊಳೆಯಬೇಕು.

ರಜೆಗೆ ಟವರ್ ನಿಲ್ಲಿಸಿದರೆ ನೀರನ್ನು ಹಾಗೇ ಬಿಡಬೇಡಿ. ಲೋಳೆ ಬೆಳೆಯುತ್ತೆ, ಡೆಂಗಿ ಸೊಳ್ಳೆಗೂ ಮನೆ ಆಗುತ್ತೆ. ಖಾಲಿ ಮಾಡಿ, ಮತ್ತೆ ಶುರು ಮಾಡುವ ಮೊದಲು ಕ್ಲೋರಿನ್ ಹಾಕಿ.

ಒಳಗೆ ಇಳಿಯುವವರ ಜೀವದ ವಿಷಯ ಎಲ್ಲಕ್ಕಿಂತ ಮೊದಲು. ಫ್ಯಾನ್‌ನ ಐಸೊಲೇಟರ್ ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈ ಇಳಿಯುವವರ ಜೇಬಿನಲ್ಲೇ ಇರಬೇಕು. ಕೆಳಗೆ ಯಾರೋ ಗೊತ್ತಿಲ್ಲದೆ ಸ್ವಿಚ್ ಹಾಕಿದರೆ ಆ ಬ್ಲೇಡ್‌ಗಳು ಕಾಯಲ್ಲ. ಹೈ ಪ್ರೆಶರ್‌ನಲ್ಲಿ ತೊಳೆಯುವಾಗ ಹನಿ ಹಾರುತ್ತೆ, ಆಗ ಬಟ್ಟೆಯ ಕರ್ಚೀಫ್ ಸಾಲದು, ಎನ್95 ಮಾಸ್ಕ್ ಬೇಕು.

ಕರೆಂಟ್ ಉಳಿಸುವ ಒಂದು ಮಾತೂ ಇದೆ. ಫ್ಯಾನ್‌ನ ಪವರ್ ವೇಗದ ಘನಕ್ಕೆ ಅನುಪಾತ. ವಿಎಫ್‌ಡಿ ಹಾಕಿ ತಂಪಾದ ರಾತ್ರಿಗಳಲ್ಲಿ ಶೇ. 80 ವೇಗದಲ್ಲಿ ಓಡಿಸಿದರೆ ಪವರ್ ಹೆಚ್ಚೂ ಕಡಿಮೆ ಅರ್ಧಕ್ಕೆ ಇಳಿಯುತ್ತೆ.

ನಿಮ್ಮ ಇಂಟರ್ನ್‌ಶಿಪ್ ಅಥವಾ ಇಂಡಸ್ಟ್ರಿಯಲ್ ವಿಸಿಟ್‌ನಲ್ಲಿ ಚಿಲ್ಲರ್ ರೂಮ್ ತೋರಿಸಿದ ಮೇಲೆ ಟೆರೇಸ್‌ಗೂ ಕರ್ಕೊಂಡು ಹೋಗಿ ಅಂತ ಕೇಳಿ. ಅಲ್ಲಿ ಎರಡೇ ಪ್ರಶ್ನೆ ಸಾಕು: ಇಲ್ಲಿ ಸಿಓಸಿ ಎಷ್ಟು? ಕೊನೆಯ ಸಲ ಬೇಸಿನ್ ತೊಳೆದದ್ದು ಯಾವಾಗ? ಲಾಗ್ ಬುಕ್ ತೆಗೆದು ಥಟ್ಟಂತ ಉತ್ತರ ಹೇಳಿದರೆ ಆ ಟವರ್ ಒಳ್ಳೆಯವರ ಕೈಯಲ್ಲಿದೆ. ಉತ್ತರ ಸಿಗದಿದ್ದರೆ ನಿಮಗೆ ಒಂದು ಒಳ್ಳೆ ಮಿನಿ ಪ್ರಾಜೆಕ್ಟ್ ಸಿಕ್ಕಿತು ಅಂತ ಲೆಕ್ಕ. ಒಂದು ಕಂಡಕ್ಟಿವಿಟಿ ಮೀಟರ್ ಮತ್ತು ಎರಡು ಬಾಟಲಿ ನೀರು ಇದ್ದರೆ ಶುರು ಮಾಡಬಹುದು.