ಎಡಗೈಯಿಂದ ತೆರೆಯಬೇಕಾದ ಬಾಗಿಲು

ಮೂವತ್ತು ವರ್ಷಗಳ ಕಾಲ ಸೈಕಲ್ಲಿನ ಮೇಲೆ ಕುಳಿತು ಮೋಟಾರಿನವರನ್ನು ಶಪಿಸಿದವನು ನಾನು. ಬಸವನಗುಡಿಯಿಂದ ಕಚೇರಿಗೆ ಹೋಗಿಬರುವ ಹಾದಿಯಲ್ಲಿ ಕಿವಿಯ ಮಗ್ಗುಲಲ್ಲೇ ಹಾರನ್ ಒತ್ತಿದವರು, ಮಳೆಗಾಲದ ಕೆಸರನ್ನು ನನ್ನ ಷರಾಯಿಗೆ ಎರಚಿ ತಿರುಗಿಯೂ ನೋಡದೆ ಹೋದವರು, ಇವರೆಲ್ಲರ ಮೇಲೂ ನನ್ನಲ್ಲಿ ದೊಡ್ಡದೊಂದು ಆರೋಪಪಟ್ಟಿ ಸಿದ್ಧವಾಗಿತ್ತು. ಕಳೆದ ತಿಂಗಳು ಆ ಪಟ್ಟಿಯ ಕೊನೆಯಲ್ಲಿ ನನ್ನ ಹೆಸರನ್ನೇ ಬರೆದುಕೊಳ್ಳಬೇಕಾಗಿ ಬಂದಿತು.

ಮಗನ ಕಾರು ಗಾಂಧಿ ಬಜಾರಿನ ಬಳಿ ರಸ್ತೆಯ ಎಡ ಅಂಚಿನಲ್ಲಿ ನಿಂತಿತು. ಹಿಂದಿನ ಸೀಟಿನ ಬಲಗಡೆ ಕುಳಿತಿದ್ದ ನಾನು, ಹೂವು ಕೊಳ್ಳುವ ಆತುರದಲ್ಲಿ ಬಾಗಿಲನ್ನು ಹೊರಕ್ಕೆ ನೂಕಿದೆ. ಧಡ್ ಎಂಬ ಶಬ್ದವಾಯಿತು. ಸೈಕಲ್ಲಿನ ಮೇಲೆ ಸೊಪ್ಪು ಹೇರಿಕೊಂಡು ಬರುತ್ತಿದ್ದ ನಡುವಯಸ್ಸಿನವನೊಬ್ಬ ನೆಲಕ್ಕೆ ಬಿದ್ದಿದ್ದ. ದಂಟು, ಮೆಂತ್ಯ, ಸಬ್ಬಸಿಗೆಯ ಕಟ್ಟುಗಳು ರಸ್ತೆಯ ತುಂಬ ಚೆಲ್ಲಿದ್ದುವು. ಮೊಣಕೈಯಿಂದ ರಕ್ತ ಜಿನುಗುತ್ತಿತ್ತು.

ಆಗ ನನ್ನ ಬಾಯಿಂದ ಹೊರಟ ಮೊದಲನೆಯ ಮಾತು ಇದು: "ನೋಡಿಕೊಂಡು ಬರಬಾರದೇನಪ್ಪಾ?"

ಅವನು ಕೋಪಿಸಿಕೊಳ್ಳಲಿಲ್ಲ. "ನೋಡ್ಕೊಂಡೇ ಬರ್ತಿದ್ದೆ ಸ್ವಾಮಿ. ಆಗ ಅಲ್ಲಿ ಬಾಗಿಲಿರಲಿಲ್ಲ" ಎಂದ.

ಕುಳಿತ ಆಸನ ಬದಲಾದೊಡನೆ ಮನುಷ್ಯನ ನ್ಯಾಯವೂ ಹೇಗೆ ಬದಲಾಗುತ್ತದೆ! ಸೈಕಲ್ಲಿನವರದು ತಪ್ಪೇ ಇಲ್ಲವೆಂದು ನಾನು ಹೇಳಲಾರೆ. ದೀಪವಿಲ್ಲದೆ ಕತ್ತಲಲ್ಲಿ ಬರುವವರೂ, ಎದುರು ದಿಕ್ಕಿನಿಂದ ನುಗ್ಗುವವರೂ, ಕೈ ತೋರದೆ ತಿರುಗುವವರೂ ಉಂಟು. ದೀಪವಿಲ್ಲದ ಸೈಕಲ್ಲಿನ ಗಾಳಿ ಬಿಡಿಸುತ್ತಿದ್ದ ಪೊಲೀಸಿನವರ ಕಾಲ ಎಂದೋ ಹೋಯಿತು. ಆದರೆ ಎರಡು ತಪ್ಪುಗಳ ತೂಕ ಒಂದೇ ಅಲ್ಲ. ಸೈಕಲ್ಲೂ ಸವಾರನೂ ಸೇರಿ ನೂರು ಕಿಲೋ ತೂಗುವುದು ಕಷ್ಟ. ಸಾಧಾರಣ ಕಾರು ಸಾವಿರ ಕಿಲೋ ತೂಗುತ್ತದೆ. ವೇಗ 30ರಿಂದ 60 ಕಿಲೋಮೀಟರಿಗೆ ಏರಿದರೆ ಅದರ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಒಬ್ಬನ ತಪ್ಪಿಗೆ ಅವನೇ ಬೀಳುತ್ತಾನೆ. ಇನ್ನೊಬ್ಬನ ತಪ್ಪಿಗೂ ಬೀಳುವವನು ಅವನೇ.

ಈ ತತ್ತ್ವವನ್ನು ಬ್ರಿಟನ್ನಿನ ರಸ್ತೆ ಸಂಹಿತೆಯು 2022ರ ಜನವರಿಯಲ್ಲಿ ಸ್ಪಷ್ಟವಾಗಿ ಅಂಗೀಕರಿಸಿತು: ಹೆಚ್ಚು ಹಾನಿ ಮಾಡಬಲ್ಲವನ ಮೇಲೆ ಹೆಚ್ಚು ಹೊಣೆ. ಗಂಟೆಗೆ 30 ಮೈಲಿಯವರೆಗಿನ ವೇಗದಲ್ಲಿ ಸೈಕಲ್ಲನ್ನು ದಾಟುವಾಗ ಕನಿಷ್ಠ 1.5 ಮೀಟರ್ ಅಂತರವಿರಬೇಕೆಂದೂ, ಕಾರಿನ ಬಾಗಿಲನ್ನು ಅದರಿಂದ ದೂರವಿರುವ ಕೈಯಿಂದ ತೆರೆಯಬೇಕೆಂದೂ ಅದು ಹೇಳುತ್ತದೆ. ಈ ಕೊನೆಯ ಅಭ್ಯಾಸಕ್ಕೆ 'ಡಚ್ ರೀಚ್' ಎಂದು ಹೆಸರು. ಬಲಗಡೆಯ ಬಾಗಿಲಿಗೆ ಎಡಗೈ ಚಾಚಿದರೆ ದೇಹ ತಾನಾಗಿಯೇ ತಿರುಗುತ್ತದೆ. ಕಣ್ಣು ಹಿಂದಿನ ರಸ್ತೆಯನ್ನು ನೋಡುತ್ತದೆ.

ನಮ್ಮ ಊರಿನಲ್ಲಿಯೂ ಪ್ರಯತ್ನಗಳು ನಡೆಯದೆ ಇಲ್ಲ. ಜಯನಗರದಲ್ಲಿ ಸೈಕಲ್ ಹಾದಿ ಬಂದಿತು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿಯೂ ಗೂಟ ನೆಟ್ಟು ಹಾದಿ ಬಿಡಿಸಿದರು. ಆದರೆ ಬಿಳಿಯ ಗೆರೆಯನ್ನು ಗೌರವಿಸುವ ಮನಸ್ಸು ಇಲ್ಲದಿದ್ದರೆ, ಸೈಕಲ್ ಹಾದಿ ವಾಹನ ನಿಲ್ಲಿಸಲು ಒದಗಿದ ಇನ್ನೊಂದು ಜಾಗವಾಗಿಬಿಡುತ್ತದೆ.

ಅಂದು ಸೊಪ್ಪನ್ನು ಆರಿಸಿ ಕಟ್ಟುವಾಗ ನಾನೂ ರಸ್ತೆಯಲ್ಲಿ ಕುಳಿತೆ. ಗಾಯಕ್ಕೆ ಪಟ್ಟಿ ಕಟ್ಟಿಸಿದೆವು. ಹಾಳಾದ ಸೊಪ್ಪಿನ ಹಣವನ್ನು ಮಾತ್ರ ಎಣಿಸಿಕೊಂಡು, ಉಳಿದ ಹಣವನ್ನು ಅವನು ಹಿಂದಿರುಗಿಸಿದ.

ಎಡಗೈಯಲ್ಲಿ ಏನನ್ನೂ ಕೊಡಬಾರದೆಂದು ಬಾಲ್ಯದಲ್ಲಿ ನನ್ನ ತಾಯಿ ಕಲಿಸಿದ್ದರು. ಈ ವಯಸ್ಸಿನಲ್ಲಿ, ಕಾರಿನ ಬಾಗಿಲಿನ ಮಟ್ಟಿಗೆ, ಆ ಪಾಠವನ್ನು ನಾನು ಮರೆಯಲು ಕಲಿಯುತ್ತಿದ್ದೇನೆ.