ಹಾಲು ಉಕ್ಕಲಿ, ಖರ್ಚು ಉಕ್ಕದಿರಲಿ!

ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಓನರ್ ಮುಖ ನೋಡಬೇಕು. ಊರಿಂದ ಅತ್ತೆ-ಮಾವ ಬಂದು ನಾಲ್ಕು ದಿನ ಹೆಚ್ಚು ಉಳಿದರೆ ‘ನೀರು ಸಾಲ್ತಾ ಇಲ್ಲ ಕಣ್ರೀ’ ಎಂಬ ಮಾತು ಮೆಟ್ಟಿಲ ಹತ್ತಿರವೇ ಕಾದಿರುತ್ತದೆ. ಹನ್ನೊಂದು ತಿಂಗಳು ಮುಗಿಯಿತೆಂದರೆ ಬಾಡಿಗೆ ಏರಿಕೆ ಬೇರೆ. ‘ಸಾಕಪ್ಪಾ, ಚಿಕ್ಕದಾದರೂ ಸರಿ, ನಮ್ಮದೂ ಅಂತ ಒಂದು ಸೂರು ಆಗಲಿ’ ಎಂದು ನಿಮಗೂ ಅನ್ನಿಸಿದೆ ಅಲ್ವಾ?

ಆಸೆ ತಪ್ಪಲ್ಲ. ಆದರೆ ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ಆಗುವುದು ಹೀಗೆ. ಬ್ರೋಕರ್ ಜತೆ ಮಾತು, ಬಿಲ್ಡರ್ ಜತೆ ಚೌಕಾಸಿ, ಬ್ಯಾಂಕಿನ ಓಡಾಟ ಎಲ್ಲವೂ ಯಜಮಾನರದ್ದು. ಗೃಹಿಣಿಯ ಅಭಿಪ್ರಾಯ ಕೇಳುವುದು ಅಡುಗೆಮನೆ ಟೈಲ್ಸ್ ಬಣ್ಣಕ್ಕೆ ಮಾತ್ರ! ತಿಂಗಳ ಇಪ್ಪತ್ತೈದನೇ ತಾರೀಖಿಗೆ ಕೈಯಲ್ಲಿ ಎಷ್ಟು ಉಳಿದಿರುತ್ತದೆ, ಜೂನ್‌ನಲ್ಲಿ ಸ್ಕೂಲ್ ಫೀಸ್ ಕಟ್ಟಿದ ಮೇಲೆ ಜುಲೈ ಹೇಗೆ ಸಾಗುತ್ತದೆ ಎನ್ನುವುದು ಸರಿಯಾಗಿ ಗೊತ್ತಿರುವುದು ನಿಮಗೆ. ಆದ್ದರಿಂದ ಮನೆ ನೋಡಲು ಹೊರಡುವ ಮೊದಲೇ ಒಂದು ನೋಟ್‌ಬುಕ್ ತೆಗೆಯಿರಿ. ಒಂದು ಪುಟದಲ್ಲಿ ‘ಮನೆಯ ಬೆಲೆ’ ಎಂದು ಬರೆಯಿರಿ. ಎದುರಿನ ಪುಟದಲ್ಲಿ ‘ಮನೆಯೊಳಗೆ ಕಾಲಿಡುವ ಬೆಲೆ’ ಎಂದು ಬರೆಯಿರಿ. ಬ್ಯಾಂಕು ಸಾಲ ಕೊಡುವುದು ಮೊದಲ ಪುಟಕ್ಕೆ. ಸಂಸಾರ ಏದುಸಿರು ಬಿಡುವುದು ಎರಡನೇ ಪುಟದಲ್ಲಿ.

ಬ್ಯಾಂಕು ಕೊಡದ ದುಡ್ಡು

ಒಂದು ಉದಾಹರಣೆ ನೋಡೋಣ. ಬೆಂಗಳೂರಿನಲ್ಲಿ 60 ಲಕ್ಷ ರೂಪಾಯಿಯ ಎರಡು ಬೆಡ್‌ರೂಮಿನ ಫ್ಲಾಟ್ ನಿಮಗೆ ಇಷ್ಟವಾಗಿದೆ ಎಂದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದವರೆಗಿನ ಗೃಹಸಾಲವಾದರೆ ಮನೆ ಬೆಲೆಯ ಶೇ 90ರಷ್ಟು, 30ರಿಂದ 75 ಲಕ್ಷದವರೆಗೆ ಶೇ 80ರಷ್ಟು, ಅದಕ್ಕೂ ಮೇಲಾದರೆ ಶೇ 75ರಷ್ಟು ಮಾತ್ರ ಬ್ಯಾಂಕು ಕೊಡಬಹುದು. ಅದೂ ಗರಿಷ್ಠ ಮಿತಿ. ಈ ಫ್ಲಾಟಿಗೆ ಸಿಗುವುದು ಹೆಚ್ಚೆಂದರೆ 48 ಲಕ್ಷ. ಉಳಿದ 12 ಲಕ್ಷ ನಿಮ್ಮ ಕೈಯಿಂದ.

ಇಷ್ಟು ಎಲ್ಲರಿಗೂ ಗೊತ್ತು. ಮುಂದಿನದ್ದು ಕೇಳಿ. ಕರ್ನಾಟಕದಲ್ಲಿ 45 ಲಕ್ಷಕ್ಕಿಂತ ಹೆಚ್ಚಿನ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿದರೆ ನಗರಗಳಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಅಂದರೆ ಮುದ್ರಾಂಕಕ್ಕೆ 3.36 ಲಕ್ಷ, ನೋಂದಣಿಗೆ 1.20 ಲಕ್ಷ, ಒಟ್ಟು 4.56 ಲಕ್ಷ ರೂಪಾಯಿ. ಅದಕ್ಕಿಂತ ಮುಂಚೆ ಮನೆ ಕೊಂಡ ನಿಮ್ಮ ಓರಗಿತ್ತಿ ಹೇಳುವ ಲೆಕ್ಕ ಈಗ ನಡೆಯುವುದಿಲ್ಲ ನೋಡಿ! ಸರ್ಕಾರದ ಮಾರ್ಗಸೂಚಿ ಬೆಲೆ ನೀವು ಕೊಡುವ ಬೆಲೆಗಿಂತ ಜಾಸ್ತಿ ಇದ್ದರೆ ಶುಲ್ಕ ಅದರ ಮೇಲೆಯೇ. ಸಾಲದ ಲೆಕ್ಕ ಹಾಕುವಾಗ ಬ್ಯಾಂಕು ಈ ಶುಲ್ಕಗಳನ್ನು ಮನೆಯ ಬೆಲೆಗೆ ಸೇರಿಸಿಕೊಳ್ಳುವುದಿಲ್ಲ.

‘ಹೆಂಗಸರ ಹೆಸರಿಗೆ ಮಾಡಿಸಿದರೆ ಮುದ್ರಾಂಕ ಕಡಿಮೆಯಂತೆ’ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ದೆಹಲಿ, ಮಹಾರಾಷ್ಟ್ರದಲ್ಲಿ ಆ ರಿಯಾಯಿತಿ ಇದೆ, ನಮ್ಮ ರಾಜ್ಯದಲ್ಲಿ ಇಲ್ಲ. ಕೆಲವು ಬ್ಯಾಂಕುಗಳು ಮಹಿಳೆಯರಿಗೆ ಬಡ್ಡಿಯಲ್ಲಿ ಚೂರು ಕಡಿಮೆ ಮಾಡುತ್ತವೆ, ಅದನ್ನು ಕೇಳಲು ಮರೆಯಬೇಡಿ.

ಇನ್ನೂ ಕಟ್ಟುತ್ತಿರುವ ಅಪಾರ್ಟ್‌ಮೆಂಟ್ ಆದರೆ ಶೇ 5ರಷ್ಟು ಜಿಎಸ್‌ಟಿ ಸೇರುತ್ತದೆ. 60 ಲಕ್ಷಕ್ಕೆ ಅದೇ 3 ಲಕ್ಷ. ಬೆಂಗಳೂರಿನಲ್ಲಿ ಬೆಲೆ 45 ಲಕ್ಷದೊಳಗೆ, ಕಾರ್ಪೆಟ್ ಏರಿಯಾ 60 ಚದರ ಮೀಟರಿನೊಳಗೆ ಇದ್ದರೆ ಮಾತ್ರ ಶೇ 1. ಕಟ್ಟಡ ಮುಗಿದು ಸ್ವಾಧೀನಾನುಭವ ಪತ್ರ, ಅದೇ ಎಲ್ಲರೂ ‘ಓ.ಸಿ.’ ಅನ್ನುತ್ತಾರಲ್ಲ, ಅದು ಸಿಕ್ಕ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲವೇ ಇಲ್ಲ. ಕಟ್ಟುತ್ತಿರುವ ಮನೆಗೆ ಇನ್ನೊಂದು ತಾಪತ್ರಯವೂ ಇದೆ. ಬ್ಯಾಂಕು ಬಿಡುಗಡೆ ಮಾಡಿದ ಹಣಕ್ಕೆ ತಿಂಗಳು ತಿಂಗಳು ಬಡ್ಡಿ ಕಟ್ಟುತ್ತಿರಬೇಕು, ಜತೆಗೆ ಬಾಡಿಗೆಯನ್ನೂ ಕೊಡುತ್ತಿರಬೇಕು. ಬರೀ ಬಡ್ಡಿ ಕಟ್ಟಿದರೆ ಅಸಲಿನಲ್ಲಿ ಒಂದು ರೂಪಾಯಿಯೂ ಇಳಿಯುವುದಿಲ್ಲ. ಕೈ ಬಿಗಿಯಿರುವವರಿಗೆ ಸಿದ್ಧವಾಗಿರುವ ಮನೆಯೇ ವಾಸಿ, ಬೆಲೆ ಸ್ವಲ್ಪ ಹೆಚ್ಚೆನಿಸಿದರೂ.

ಬಿಲ್ಡರ್ ಜತೆ ಮಾತನಾಡುವಾಗ ‘ಸ್ಕ್ವೇರ್ ಫೀಟಿಗೆ ಎಷ್ಟು’ ಎಂಬಲ್ಲಿಗೆ ಮಾತು ನಿಲ್ಲಿಸಬೇಡಿ. ಪಾರ್ಕಿಂಗ್, ಕರೆಂಟು-ನೀರಿನ ಡಿಪಾಸಿಟ್, ಕ್ಲಬ್ ಹೌಸ್, ಕಾರ್ಪಸ್ ಫಂಡ್, ಮುಂಗಡ ಮೆಂಟೆನೆನ್ಸ್ ಎಂದು ಬಾಲಂಗೋಚಿ ಬೆಳೆಯುತ್ತಾ ಹೋಗುತ್ತದೆ. ‘ಕೀಲಿ ನಮ್ಮ ಕೈಗೆ ಬರುವವರೆಗೆ ನಾವು ಒಟ್ಟು ಎಷ್ಟು ಕೊಡಬೇಕು, ಕಾಗದದ ಮೇಲೆ ಬರೆದುಕೊಡಿ’ ಎಂದು ನೇರವಾಗಿ ಕೇಳಿ. ಹಾಗೆಯೇ 1200 ಚದರಡಿ ಎಂದು ಹೇಳಿದ್ದರಲ್ಲಿ ಕಾಲುಭಾಗ, ಕೆಲವೆಡೆ ಅದಕ್ಕೂ ಹೆಚ್ಚು, ಮೆಟ್ಟಿಲು-ಲಿಫ್ಟುಗಳಿಗೆ ಹೋಗಿರುತ್ತದೆ. ನಿಮ್ಮ ಮಂಚ, ಬೀರು ಇಡಲು ಸಿಗುವುದು ಕಾರ್ಪೆಟ್ ಏರಿಯಾ ಮಾತ್ರ. ರೇರಾ ಕಾಯ್ದೆಯಂತೆ ಬಿಲ್ಡರ್ ಅದನ್ನು ತಿಳಿಸಲೇಬೇಕು. ಕರಾರು ಪತ್ರ ನೋಂದಣಿಯಾಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತೆಯೂ ಇಲ್ಲ.

ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ಅಸೋಸಿಯೇಶನ್‌ಗೆ ಕಟ್ಟುವುದು, ಫ್ಯಾನು-ಗೀಸರು-ಗ್ರಿಲ್ಲು ಎಲ್ಲವನ್ನೂ ಕೂಡಿದರೆ ನಮ್ಮ 60 ಲಕ್ಷದ ಮನೆಗೆ ಕೈಯಲ್ಲಿ 20 ಲಕ್ಷದ ಹತ್ತಿರ ಬೇಕು. 12 ಲಕ್ಷ ಅಲ್ಲ! ಅಷ್ಟಿಲ್ಲದಿದ್ದರೆ ಮನೆಯೇ ಬೇಡ ಎಂದಲ್ಲ, 60 ಲಕ್ಷದ ಮನೆ ಬೇಡ. 20ರಿಂದ 45 ಲಕ್ಷದೊಳಗಿನ ಹೊಸ ಫ್ಲಾಟು ಮೊದಲ ಸಲ ನೋಂದಣಿಯಾಗುವಾಗ ಮುದ್ರಾಂಕವೂ ಶೇ 3ಕ್ಕೆ ಇಳಿಯುತ್ತದೆ. ಮೆಟ್ರೊ ಸ್ಟೇಷನ್ನಿಂದ ಇನ್ನೆರಡು ಕಿಲೋಮೀಟರ್ ಆಚೆಗೆ ಹೋಗಿ ನೋಡಿದರೆ ನಷ್ಟವೇನಿಲ್ಲ.

ಮೊತ್ತದಷ್ಟೇ ತಾರೀಖೂ ಮುಖ್ಯ

‘ಈಗಿರುವ ಮನೆಯ ಅಡ್ವಾನ್ಸ್ ವಾಪಸ್ ಬರುತ್ತಲ್ಲ, ಅದನ್ನೂ ಸೇರಿಸಿದರೆ ಸರಿಹೋಗುತ್ತೆ’ ಎಂದು ಎಷ್ಟೋ ಮಂದಿ ಲೆಕ್ಕ ಹಾಕುತ್ತಾರೆ. ಸ್ವಲ್ಪ ಯೋಚಿಸಿ. ಓನರ್ ಅಡ್ವಾನ್ಸ್ ಕೊಡುವುದು ನೀವು ಮನೆ ಖಾಲಿ ಮಾಡಿದ ದಿನ. ನೀವು ಖಾಲಿ ಮಾಡುವುದು ಹೊಸ ಮನೆಗೆ ಹೋಗುವಾಗ. ಹೊಸ ಮನೆಯ ನೋಂದಣಿಗೆ ದುಡ್ಡು ಕಟ್ಟಬೇಕಾದದ್ದು ಅದಕ್ಕೂ ಮೊದಲು! ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿ ಬೇರೆ ಇದೆ. ಹಾಗಾಗಿ ಅಡ್ವಾನ್ಸ್ ಹಣವನ್ನು ಡೌನ್ ಪೇಮೆಂಟಿಗೆ ಸೇರಿಸಲೇಬೇಡಿ. ಅದು ಮನೆಗೆ ಹೋದ ಮೇಲಿನ ಖರ್ಚಿಗೆ ಇರಲಿ. ಚೀಟಿ ಎತ್ತುವ ತಿಂಗಳು, ಎಫ್‌ಡಿ ಮುಗಿಯುವ ದಿನ ಎಲ್ಲವನ್ನೂ ಎರಡನೇ ಪುಟದಲ್ಲಿ ತಾರೀಖಿನ ಸಮೇತ ಬರೆಯಿರಿ.

ಮತ್ತೆ ಆಷಾಢ! ಕೀಲಿ ಜೂನ್ ಕೊನೆಗೆ ಸಿಕ್ಕಿತು, ಆಷಾಢದಲ್ಲಿ ಗೃಹಪ್ರವೇಶ ಮಾಡುವಂತಿಲ್ಲ, ಶ್ರಾವಣದವರೆಗೆ ಕಾಯಬೇಕು. ಅಷ್ಟರಲ್ಲಿ ಇಎಂಐ ಶುರುವಾಗಿರುತ್ತದೆ, ಬಾಡಿಗೆಯೂ ನಡೆಯುತ್ತಿರುತ್ತದೆ. ಡಿಸೆಂಬರ್‌ನಲ್ಲಿ ಸಿಕ್ಕರೆ ಧನುರ್ಮಾಸದ ತಕರಾರು. ಶಾಸ್ತ್ರ ಬಿಡಿ ಎಂದು ಯಾರೂ ಹೇಳಲಾರರು. ಆದರೆ ನೋಂದಣಿಯ ದಿನ ಗೊತ್ತುಮಾಡುವ ಮೊದಲೇ ಪುರೋಹಿತರ ಹತ್ತಿರ ಮುಹೂರ್ತ ಕೇಳಿಟ್ಟುಕೊಳ್ಳಬಹುದಲ್ಲ? ಆಷಾಢ ಹಿಡಿಯುವ ಮುಂಚೆ ಒಂದು ಒಳ್ಳೆಯ ದಿನ ಮನೆಮಂದಿಯಷ್ಟೇ ಹೋಗಿ ಹಾಲು ಉಕ್ಕಿಸಿ ಬಂದು, ಸಾಮಾನು ನಿಧಾನವಾಗಿ ಸಾಗಿಸುವವರೂ ಇದ್ದಾರೆ.

ಕಂತಿಗೊಂದು ರಿಹರ್ಸಲ್

48 ಲಕ್ಷ ಸಾಲ, ಶೇ 8 ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 40,150 ರೂಪಾಯಿ. ಮೊದಲ ತಿಂಗಳು ಅದರಲ್ಲಿ 32,000 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ಎಂಟು ಸಾವಿರ ಚಿಲ್ಲರೆ. ಕಂತು ಭಾರ ಎಂದು 25 ವರ್ಷಕ್ಕೆ ಏರಿಸಿದಿರೋ, ತಿಂಗಳಿಗೆ ಸುಮಾರು 3,100 ರೂಪಾಯಿ ಕಡಿಮೆಯಾಗುತ್ತದೆ, ಆದರೆ ಒಟ್ಟು ಬಡ್ಡಿ 14 ಲಕ್ಷಕ್ಕೂ ಹೆಚ್ಚು ಜಾಸ್ತಿ ಆಗುತ್ತದೆ.

ಈ ಕಂತು ನಿಮ್ಮ ಸಂಸಾರಕ್ಕೆ ತಾಳುತ್ತದೆಯೇ ಎಂದು ಬ್ಯಾಂಕಿನವರನ್ನು ಕೇಳಬೇಡಿ, ಅವರು ನೋಡುವುದು ಸಂಬಳದ ಚೀಟಿಯನ್ನು. ನೀವೇ ಪರೀಕ್ಷೆ ಮಾಡಿ. ಈಗಿನ ಬಾಡಿಗೆ 18,000 ಎನ್ನಿ. ಕಂತಿಗೂ ಬಾಡಿಗೆಗೂ ವ್ಯತ್ಯಾಸ 22,000. ಮೆಂಟೆನೆನ್ಸ್‌ಗೆ 4,000 ಸೇರಿಸಿ 26,000 ಆಯಿತು. ಸಾಲಕ್ಕೆ ಅರ್ಜಿ ಹಾಕುವ ಆರು ತಿಂಗಳ ಮುಂಚೆ ಇಷ್ಟು ದುಡ್ಡನ್ನು ಸಂಬಳದ ದಿನವೇ ಆರ್‌ಡಿಗೆ ಹಾಕಿಬಿಡಿ. ಆ ಆರು ತಿಂಗಳಲ್ಲಿ ಒಂದು ಹಬ್ಬ, ಒಂದು ಮದುವೆ, ಸ್ಕೂಲ್ ಫೀಸಿನ ತಿಂಗಳು ಬಂದುಹೋಗುವಂತೆ ನೋಡಿಕೊಳ್ಳಿ. ಆರ್‌ಡಿ ಮುಟ್ಟದೆ ಸಾಗಿಸಿದರೆ ಧೈರ್ಯವಾಗಿ ಮುಂದುವರಿಯಬಹುದು, ಕೈಯಲ್ಲಿ 1.56 ಲಕ್ಷವೂ ಇರುತ್ತದೆ. ಮೂರನೇ ತಿಂಗಳಿಗೇ ಕ್ರೆಡಿಟ್ ಕಾರ್ಡ್ ಉಜ್ಜುವಂತಾದರೆ ಸಾಲದ ಮೊತ್ತ ಇಳಿಸಬೇಕೆಂದೇ ಅರ್ಥ.

ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ. ಬೋನಸ್ ಬಂದಾಗ ವರ್ಷಕ್ಕೆ ಒಂದೇ ಒಂದು ಹೆಚ್ಚಿನ ಕಂತು ಕಟ್ಟುತ್ತಾ ಬಂದರೂ 20 ವರ್ಷದ ಸಾಲ ಮೂರು ವರ್ಷಕ್ಕೂ ಹೆಚ್ಚು ಮುಂಚಿತವಾಗಿ ಮುಗಿಯುತ್ತದೆ. ‘ಟ್ಯಾಕ್ಸ್ ಉಳಿಯುತ್ತಲ್ಲ’ ಎಂಬ ಸಮಾಧಾನವನ್ನೂ ಒಮ್ಮೆ ಪರೀಕ್ಷಿಸಿ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿರುವವರಿಗೆ ತಾವೇ ವಾಸಿಸುವ ಮನೆಯ ಸಾಲದ ಬಡ್ಡಿಗೆ ವಿನಾಯಿತಿ ಸಿಗುವುದಿಲ್ಲ.

ಸಹಿ ಎಲ್ಲಿ, ಹೆಸರೆಲ್ಲಿ?

ಇದನ್ನು ಮಾತ್ರ ದಯವಿಟ್ಟು ನಿಧಾನವಾಗಿ ಓದಿ. ಬ್ಯಾಂಕಿನಲ್ಲಿ ‘ಮೇಡಂ, ಇಲ್ಲೊಂದು ಸೈನ್’ ಎಂದು ಇಪ್ಪತ್ತು ಕಡೆ ಸಹಿ ಹಾಕಿಸಿಕೊಳ್ಳುತ್ತಾರೆ. ಅಲ್ಲಿಗೆ ನೀವು ಸಹ-ಸಾಲಗಾರರು. ನಿಮಗೆ ಸಂಬಳವಿರಲಿ, ಇಲ್ಲದಿರಲಿ, ಕಂತು ನಿಂತರೆ ಬ್ಯಾಂಕು ನಿಮ್ಮನ್ನೂ ಕೇಳುತ್ತದೆ. ಆದರೆ ಸಾಲದ ಪತ್ರದಲ್ಲಿ ಸಹಿ ಹಾಕಿದ ಮಾತ್ರಕ್ಕೆ ಮನೆಯಲ್ಲಿ ಪಾಲು ಬರುವುದಿಲ್ಲ. ಪಾಲು ಬರುವುದು ಕ್ರಯಪತ್ರದಲ್ಲಿ ಹೆಸರಿದ್ದರೆ. ಸಾಲದಲ್ಲಿ ನೀವಿದ್ದು ಕ್ರಯಪತ್ರದಲ್ಲಿ ಇಲ್ಲದಿದ್ದರೆ ಹೊಣೆ ನಿಮ್ಮದು, ಮನೆ ನಿಮ್ಮದಲ್ಲ. ಕರಾರು ಪತ್ರ ಬರೆಸುವಾಗಲೇ ‘ಇಬ್ಬರ ಹೆಸರೂ ಇರಲಿ’ ಎಂದು ಹೇಳಿ. ಆಮೇಲೆ ಸೇರಿಸಲು ಹೋದರೆ ಅದಕ್ಕೆ ಬೇರೆ ಪತ್ರ, ಬೇರೆ ಖರ್ಚು. ಇದರಲ್ಲಿ ಸಂಕೋಚವೇಕೆ? ಜಗಳವಾಡಿ ಕೇಳುವ ವಿಷಯವೂ ಇದಲ್ಲ, ಕಾಫಿ ಕುಡಿಯುವಾಗ ಹೇಳಬಹುದಾದ ಮಾತು.

ಒಡವೆಯ ಮಾತೂ ಇಲ್ಲೇ ಬರುತ್ತದೆ. ಡೌನ್ ಪೇಮೆಂಟಿಗೆ ನಾಲ್ಕು ಲಕ್ಷ ಕಡಿಮೆ ಬಿತ್ತೆಂದರೆ ಎಲ್ಲರ ಕಣ್ಣೂ ನಿಮ್ಮ ಕತ್ತಿನ ಕಡೆಗೇ! ಅಡವಿಟ್ಟರೆ ಒಂದೇ ಸಮಯಕ್ಕೆ ಎರಡು ಸಾಲ ನಡೆಯುತ್ತದೆ. ಕಂತು ಕಟ್ಟುತ್ತಿರುವವರಿಗೆ ವರ್ಷದ ಕೊನೆಗೆ ಒಡವೆ ಬಿಡಿಸುವ ದುಡ್ಡು ಎಲ್ಲಿಂದ ಬರುತ್ತದೆ? ಬಿಡಿಸುವ ತಾರೀಖು, ಅದಕ್ಕೆ ಬರುವ ಹಣ ಎರಡೂ ಆ ಎರಡನೇ ಪುಟದಲ್ಲಿ ಬರೆದಿದ್ದರೆ ಮಾತ್ರ ಒಪ್ಪಿ. ತೊಡದೆ ಲಾಕರಿನಲ್ಲಿಟ್ಟ ಹಳೆಯ ಒಡವೆಯನ್ನು ಮಾರಿ ಸಾಲವನ್ನೇ ಕಡಿಮೆ ಮಾಡುವುದು ಕೆಲವೊಮ್ಮೆ ಅಡವಿಡುವುದಕ್ಕಿಂತ ಮೇಲು. ಹಾಗೆ ಮಾಡಿದರಂತೂ ಕ್ರಯಪತ್ರದಲ್ಲಿ ನಿಮ್ಮ ಹೆಸರು ಇರಲೇಬೇಕು.

ಸಾಲದ ಮೊತ್ತಕ್ಕಾದರೂ ದುಡಿಯುವವರ ಹೆಸರಿನಲ್ಲಿ ಟರ್ಮ್ ಇನ್ಶೂರೆನ್ಸ್ ಮಾಡಿಸಿ. ಬ್ಯಾಂಕಿನವರು ತಮ್ಮದೇ ಪಾಲಿಸಿ ತೋರಿಸಿ ಒತ್ತಾಯಿಸಬಹುದು. ಅವರು ಹೇಳಿದ ಕಂಪನಿಯದ್ದನ್ನೇ ಕೊಳ್ಳಬೇಕೆಂಬ ಕಡ್ಡಾಯವಿಲ್ಲ. ಆ ಪ್ರೀಮಿಯಂ ಸಾಲಕ್ಕೆ ಸೇರಿಕೊಂಡರೆ ಅದಕ್ಕೂ 20 ವರ್ಷ ಬಡ್ಡಿ ತೆರಬೇಕು.

ಕಾಗದ ಪತ್ರಗಳನ್ನು ವಕೀಲರಿಗೆ ಬಿಡಿ, ಆದರೆ ಮೂರನ್ನು ನೀವೂ ಕಣ್ಣಾರೆ ನೋಡಿ. ಒಂದು ಇ-ಖಾತಾ, 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಅದಿಲ್ಲದೆ ನೋಂದಣಿ ಇಲ್ಲ. ಇನ್ನೊಂದು ಋಣಭಾರ ಪತ್ರ, ಅಂದರೆ ಇ.ಸಿ. ಮೂರನೆಯದು ಓ.ಸಿ. ಇದಿಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಹಿಡಿದು ಟಿಡಿಎಸ್ ಆಗಿ ಕಟ್ಟಬೇಕಾದವರೂ ನೀವೇ. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ಲೆಕ್ಕ ಬೇರೆ, ಆಡಿಟರ್ ಹತ್ತಿರ ಕೇಳಿ. ಹಳೆಯ ಫ್ಲಾಟ್ ಆದರೆ ಮೆಂಟೆನೆನ್ಸ್ ಬಾಕಿ ಇಲ್ಲವೆಂದು ಅಸೋಸಿಯೇಶನ್ ಪತ್ರ ತರಿಸಿಕೊಳ್ಳಿ.

ಮೊದಲ ತಿಂಗಳಿಗೆ ಏನು ಬೇಕು?

ಬಜೆಟ್ ಹಳ್ಳ ಹಿಡಿಯುವುದು ಸಾಮಾನ್ಯವಾಗಿ ಇಲ್ಲೇ. ಅರವತ್ತು ಲಕ್ಷ ಖರ್ಚು ಮಾಡುವವರಿಗೆ ಅರವತ್ತು ಸಾವಿರದ ಚಿಮಣಿ ಏನೂ ಅಲ್ಲ ಅನ್ನಿಸಿಬಿಡುತ್ತದೆ. ಎದುರು ಮನೆಯವರ ಫಾಲ್ಸ್ ಸೀಲಿಂಗ್ ನೋಡಿದ ಮೇಲಂತೂ ಕೇಳುವುದೇ ಬೇಡ!

ಗೋಡೆ ಒಡೆಯುವ, ಧೂಳೇಳುವ ಕೆಲಸಗಳಿದ್ದರೆ ಮಾತ್ರ ಹೋಗುವ ಮೊದಲು ಮುಗಿಸಿ. ಕಿಟಕಿಗೆ ಗ್ರಿಲ್ಲು, ಸೊಳ್ಳೆ ಪರದೆ, ಅಡುಗೆಮನೆಗೆ ಒಂದೆರಡು ಹೆಚ್ಚಿನ ಪ್ಲಗ್ ಪಾಯಿಂಟ್, ವಾಷಿಂಗ್ ಮೆಷಿನ್ನಿಗೆ ನಲ್ಲಿ, ಇಷ್ಟು ಮುಖ್ಯ. ಮಾಡ್ಯುಲರ್ ಕಿಚನ್, ವಾರ್ಡ್‌ರೋಬು, ಹೊಸ ಸೋಫಾ ಎಲ್ಲ ಕಾಯಲಿ. ಆರು ತಿಂಗಳು ಆ ಅಡುಗೆಮನೆಯಲ್ಲಿ ನಿಂತು ಬೇಯಿಸಿದ ಮೇಲೆ ಒಗ್ಗರಣೆ ಡಬ್ಬಿ ಎಲ್ಲಿರಬೇಕು, ಕುಕ್ಕರು-ಗ್ರೈಂಡರಿಗೆ ಎಷ್ಟು ಜಾಗ ಬೇಕು ಎಂಬುದು ನಿಮಗೇ ತಿಳಿಯುತ್ತದೆ. ಮೊದಲೇ ಮಾಡಿಸಿದರೆ ಡಿಸೈನರ್ ಹೇಳಿದ ಕಡೆ ಡ್ರಾಯರ್ ಬರುತ್ತದೆ, ನಿಮ್ಮ ಕೈಗೆ ಎಟುಕುವ ಕಡೆ ಅಲ್ಲ.

ಗೃಹಪ್ರವೇಶದ ಊಟಕ್ಕೆ ಎಲೆಗಳ ಲೆಕ್ಕ ಮೊದಲೇ ಗೊತ್ತುಮಾಡಿಕೊಳ್ಳಿ. ನೂರು ಎಲೆ ಇನ್ನೂರಾಗಲು ಎರಡು ಫೋನ್ ಕಾಲ್ ಸಾಕು. ‘ಉಡುಗೊರೆ ಏನು ತರಲಿ’ ಎಂದು ಹತ್ತಿರದವರು ಕೇಳಿದರೆ ನಾಚಿಕೊಳ್ಳದೆ ‘ಹಾಲ್‌ಗೆ ಫ್ಯಾನ್ ಬೇಕು’ ಎಂದು ಹೇಳಿ. ಇಲ್ಲದಿದ್ದರೆ ಏಳು ಗೋಡೆ ಗಡಿಯಾರ ಬರುತ್ತವೆ!

ಸಾಮಾನು ಸಾಗಿಸುವವರ ಹತ್ತಿರ ಎಷ್ಟನೇ ಮಹಡಿ, ಲಿಫ್ಟಿನಲ್ಲಿ ಸಾಮಾನು ಬಿಡುತ್ತಾರೋ ಇಲ್ಲವೋ ಎಲ್ಲ ಹೇಳಿಯೇ ರೇಟು ಮಾತಾಡಿ, ಹೊಸ ಮನೆ ಮುಂದೆ ಲಾರಿ ನಿಲ್ಲಿಸಿ ಚೌಕಾಸಿ ನಡೆಯುವುದಿಲ್ಲ. ಗ್ಯಾಸ್ ಸಂಪರ್ಕದ ವಿಳಾಸ ಬದಲಾವಣೆಗೆ ಹದಿನೈದು ದಿನ ಮುಂಚೆಯೇ ಅರ್ಜಿ ಹಾಕಿ. ಹಳೆಯ ಮನೆ ಬಿಡುವ ದಿನ ಕರೆಂಟ್ ಮೀಟರಿನದ್ದೊಂದು, ಪ್ರತಿ ಕೋಣೆಯದ್ದೊಂದು ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಅಡ್ವಾನ್ಸ್ ಹಣ ಖಾತೆಗೆ ಬಂದ ಮೇಲೆ ಕೀಲಿ ಕೊಡಿ.