ಎಣ್ಣೆಯ ಪಂಪು: ಒಂದು ಹಳೆಯ ಕಾರಿನ ಪರೀಕ್ಷೆ

ವ್ಯಾಕರಣ ಕಲಿಸುವವನಿಗೆ ಮೋಟಾರಿನ ಗೊಡವೆ ಏಕೆಂದು ವಾಚಕ ಮಹಾಶಯರು ಕೇಳಬಹುದು. ಸಂಸ್ಕೃತದಲ್ಲಿ ‘ಸ್ನೇಹ’ವೆಂದರೆ ಗೆಳೆತನವೂ ಹೌದು, ಎಣ್ಣೆಯೂ ಹೌದು, ನನ್ನನ್ನು ಈ ವಿಷಯಕ್ಕೆ ಎಳೆತಂದುದು ಎರಡೂ ಅರ್ಥದ ಸ್ನೇಹವೇ.

ಬಾಲ್ಯಮಿತ್ರರೊಬ್ಬರಲ್ಲಿ ಅವರ ತಂದೆಯವರು ಕೊಂಡ ಅಂಬಾಸಿಡರ್ ಕಾರು ಉಂಟು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಗುತ್ತಿದ್ದ ಜಾತಿಯದು. ಎಂಜಿನ್ 1489 ಸಿ.ಸಿ. ಪೆಟ್ರೋಲಿನದು. ಒಮ್ಮೆ ಇಳಕಲ್ಲಿನಿಂದ ಹುನಗುಂದದ ಮೇಲೆ ಬಾದಾಮಿಗೆ ಹೊರಟಿದ್ದೆವು. ಅಮೀನಗಡದಲ್ಲಿ ಕರದಂಟು ಕೊಳ್ಳಲು ನಿಂತಾಗ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಸೊನ್ನೆಯ ಸಮೀಪಕ್ಕೆ ಇಳಿದಿತ್ತು. ಮಿತ್ರರು ತತ್‌ಕ್ಷಣ ಎಂಜಿನ್ ಬಂದ್ ಮಾಡಿ, ಮತ್ತೆ ಚಾಲೂ ಮಾಡಲೊಪ್ಪದೆ, ಕಾರನ್ನು ಬಾಗಲಕೋಟೆಗೆ ಎಳೆಯಿಸಿದರು. ನಾನು ಗೊಣಗಿದೆ, ಆದರೆ ಅವರ ಹಟವೇ ಎಂಜಿನ್ನನ್ನು ಉಳಿಸಿತು.

ಮೊದಲು ನೋಡಿದವನು, ಇದನ್ನು ಬಿಸುಟು ಡೀಸೆಲ್ ಎಂಜಿನ್ ಕೂಡಿಸಿರೆಂದ. ತಂದೆಯ ನೆನಪನ್ನೇ ಕಿತ್ತಂತಾಗಿ ಮಿತ್ರರು ಮೌನವಾದರು. ಎರಡನೆಯವರು ವಯೋವೃದ್ಧ ಮಿಸ್ತ್ರಿ. “ಮೊದಲ ಅಳತಿ ತಗೊಳ್ಳೂಣ್ರಿ, ಆಮ್ಯಾಲ ಮಾತು” ಎಂದರು.

ಬಂಡಿಯ ಅಚ್ಚಿಗೆ ಕೀಲೆಣ್ಣೆಯನ್ನು ಕೈಯಿಂದ ಹಚ್ಚುತ್ತೇವೆ. ಎಂಜಿನ್ನಿನೊಳಗೆ ಆ ಕೆಲಸ ಪಂಪಿನದು. ನಾಲ್ಕು ಹಲ್ಲಿನ ಒಳರೋಟರು ಐದು ಕುಳಿಯ ಹೊರರೋಟರಿನಲ್ಲಿ, ಕೇಂದ್ರ ತುಸು ಸರಿದು, ಸುತ್ತುತ್ತದೆ. ಒಂದು ಪಕ್ಕದಲ್ಲಿ ಎಡೆ ಹಿಗ್ಗಿ ಎಣ್ಣೆಯನ್ನು ಸೆಳೆಯುತ್ತದೆ, ಮತ್ತೊಂದರಲ್ಲಿ ಕುಗ್ಗಿ ನೂಕುತ್ತದೆ. ಪಂಪು ಕೊಡುವುದು ಪ್ರವಾಹವನ್ನು ಮಾತ್ರ. ಬೇರಿಂಗುಗಳ ಇಕ್ಕಟ್ಟು ಅದನ್ನು ತಡೆಯುವುದರಿಂದಲೇ ಒತ್ತಡ ಹುಟ್ಟುತ್ತದೆ. ಆದುದರಿಂದ ಮುಳ್ಳು ಇಳಿದೊಡನೆ ಪಂಪನ್ನೇ ದೂಷಿಸಲಾಗದು.

ಮಿಸ್ತ್ರಿಯವರು ಮೊದಲು ಬೇರೊಂದು ಗೇಜನ್ನು ಜೋಡಿಸಿ ಕ್ಷಣಮಾತ್ರ ಎಂಜಿನ್ ತಿರುಗಿಸಿ ನೋಡಿದರು, ಮುಳ್ಳು ಸುಳ್ಳಾಡಿರಲಿಲ್ಲ. ಒತ್ತಡ ಮಿತಿಮೀರದಂತೆ ಕಾಯುವ ವಾಲ್ವಿನ ಸ್ಪ್ರಿಂಗೂ ನೆಟ್ಟಗಿತ್ತು. ಎಣ್ಣೆ ಬಸಿದು, ಚೇಂಬರ್ ಇಳಿಸಿ, ಬೇರಿಂಗುಗಳನ್ನು ನೋಡಿದರು, ಗೀರಿರಲಿಲ್ಲ. ಉಳಿದದ್ದು ಪಂಪು. ಫೀಲರ್ ಗೇಜಿನಿಂದ ಅಳೆದಾಗ ಹಲ್ಲುಗಳ ನಡುವಣ ಸಂದು 0.006 ಇಂಚಿನ ಮೇರೆಯನ್ನೂ, ಹೊರರೋಟರು ಹಾಗೂ ಕವಚದ ನಡುವಣದು 0.010 ಇಂಚಿನ ಮೇರೆಯನ್ನೂ ದಾಟಿರಲಿಲ್ಲ. ಆದರೆ ಬಾಯಿಗೆ ಉಕ್ಕಿನ ಪಟ್ಟಿಯನ್ನಿಟ್ಟು ನೋಡಿದರೆ, ರೋಟರಿನ ಮೇಲೆ 0.005 ಮೀರಬಾರದ ಸಂದು 0.008 ಇತ್ತು! ಎಣ್ಣೆ ಅಲ್ಲಿಂದಲೇ ಹಿಂದಕ್ಕೆ ಜಾರುತ್ತಿತ್ತು. ಮುಚ್ಚಳದ ಮೇಲೆ ಗೀರುಗಳೂ ಇದ್ದವು. ಎಣ್ಣೆಯ ಫಿಲ್ಟರ್ ಇರುವುದು ಪಂಪಿನ ಮುಂದೆ. ಪಂಪಿಗೆ ಬರುವ ಎಣ್ಣೆಗೆ ಜಾಲರಿಯೊಂದೇ ಗತಿ. ಇಳಕಲ್ಲಿನ ಕಲ್ಲುಗಣಿಗಳ ಧೂಳನ್ನುಂಡ ಕಾರಿಗೆ ಇದು ಆಶ್ಚರ್ಯವಲ್ಲ.

ಕವಚದ ಗೂಟಗಳನ್ನು ತೆಗೆದು, ದಪ್ಪ ಗಾಜಿನ ಮೇಲೆ ನುಣುಪಾದ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಕವಚದ ಬಾಯಿಯನ್ನೂ ಮುಚ್ಚಳವನ್ನೂ ನಿಧಾನವಾಗಿ ಉಜ್ಜಿದರು. ಉಜ್ಜುವುದು, ಒರೆಸುವುದು, ಅಳೆಯುವುದು: ಅರ್ಧ ದಿನ ಇದೇ ಆಯಿತು. ಸಂದು 0.003ಕ್ಕೆ ಬಂದಾಗ ನಿಲ್ಲಿಸಿ, ಪೇಸ್ಟಿನ ಕಣವೊಂದೂ ಉಳಿಯದಂತೆ ಸೀಮೆಎಣ್ಣೆಯಲ್ಲಿ ಮೂರು ಬಾರಿ ತೊಳೆದರು. ಹೊರರೋಟರಿನ ಅಂಚು ಸವರಿದ ಭಾಗ ಕವಚದ ತಳಕ್ಕೇ ಹೋಗಬೇಕು. ತಿರುವುಮುರುವಾದರೆ ಶ್ರಮ ವ್ಯರ್ಥ.

ಜೋಡಿಸಿದ ಪಂಪನ್ನು ಎಣ್ಣೆಯ ತಟ್ಟೆಯಲ್ಲಿ ಮುಳುಗಿಸಿ ಕೈಯಿಂದ ತಿರುಗಿಸುತ್ತ, ಹೊರಬಾಯಿಗೆ ನನ್ನ ಹೆಬ್ಬೆರಳನ್ನು ಒತ್ತಿಸಿದರು. ಒತ್ತಿದ ಬೆರಳನ್ನು ಎಣ್ಣೆ ಎತ್ತಿತು. ಬಳಿಕ ಅದನ್ನು ಎಂಜಿನ್ನಿಗೆ ಕೂಡಿಸಿ, ಹೊಸ ಎಣ್ಣೆ ತುಂಬಿ, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಟ್ಟು, ಮುಳ್ಳು ಏಳುವವರೆಗೆ ಹ್ಯಾಂಡಲಿನಿಂದ ಸುತ್ತಿಸಿದ ಮೇಲೆಯೇ ಚಾಲೂ ಮಾಡಿದರು.

ತಣ್ಣನೆಯ ಎಣ್ಣೆ ದಪ್ಪ. ಆಗಿನ ಅಂಕಿಯನ್ನು ನಂಬಲಾಗದು. ಬಾದಾಮಿಯವರೆಗೆ ಓಡಿಸಿ ಕಾದ ಮೇಲೆ ನೋಡಿದೆವು: ಓಟದಲ್ಲಿ 50 ಪೌಂಡು, ನಿಂತಾಗ 20. ಮಿತ್ರರು ಎಂಜಿನ್ ಆರಿಸದೆ ಬಹಳ ಹೊತ್ತು ಆ ಮುಳ್ಳನ್ನೇ ನೋಡುತ್ತ ಕುಳಿತಿದ್ದರು.